ಕ್ಯಾಮೆರಾಕ್ಕೆ ತೇಲುವ ತೋಳು

ನನ್ನ ಎಡ ಮಣಿಕಟ್ಟಿನೊಳಗೆ ಒಂದು ಸ್ಟೀಲ್ ಪ್ಲೇಟ್ ಇದೆ. ಸ್ಕೂಟರಿನಿಂದ ಬಿದ್ದದ್ದರ ಬಹುಮಾನ. "ಭಾರ ಹಿಡಿಯಬೇಡಿ" ಎಂದು ಪುತ್ತೂರಿನ ಡಾಕ್ಟರು ಹೇಳಿದ್ದನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡವಳು ನನ್ನ ಹೆಂಡತಿ. ಗಲ್ಫಿನಲ್ಲಿದ್ದಾಗ ರಜೆ ಸಿಕ್ಕಿದಾಗಲೆಲ್ಲ ಸಮುದ್ರಕ್ಕಿಳಿದು ಚಿತ್ರ ತೆಗೆಯುತ್ತಿದ್ದ ನನ್ನ ನೀರೊಳಗಿನ ಕ್ಯಾಮೆರಾವನ್ನು ಮಾರಲೇಬೇಕೆಂದು ಅವಳ ಹಟ. ಮಂಗಳೂರಿನ ಗಿರಾಕಿಯನ್ನೂ ಅವಳೇ ಹುಡುಕಿದಳು. ಭಾನುವಾರ ಬರುತ್ತಾನಂತೆ!

ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಪಯಸ್ವಿನಿ ಹೊಳೆಯ ಮೀನಿನ ಚಿತ್ರವನ್ನು ಒಂದು ಸಲವೂ ತೆಗೆಯದೆ ಕೊಡುವುದೇ? ಜಗಳವಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಭಾನುವಾರದೊಳಗೆ ಕೈ ನೋಯದೆ ಚಿತ್ರ ತೆಗೆದರೆ ಕ್ಯಾಮೆರಾ ನನ್ನದು, ಇಲ್ಲವಾದರೆ ಗಿರಾಕಿಯದು.

ನನ್ನ ಧೈರ್ಯವೆಲ್ಲ ಕ್ಯಾಮೆರಾದ ತೋಳುಗಳ ಮೇಲಿತ್ತು. ಕ್ಯಾಮೆರಾ ಇಡುವ, ನೀರು ಹೊಗದ ಪೆಟ್ಟಿಗೆಗೆ ಎರಡೂ ಬದಿಯಲ್ಲಿ ದೀಪಗಳಿರುತ್ತವೆ. ಅವನ್ನು ಹಿಡಿದಿಡುವ ತೋಳುಗಳು ಟೊಳ್ಳು ಕೊಳವೆಗಳು. ಒಳಗಿನ ಗಾಳಿ ಭಾರವನ್ನು ಮೇಲಕ್ಕೆ ಎತ್ತುತ್ತದೆ. ಸರಿಯಾದ ತೋಳು ಸಿಕ್ಕಿದರೆ ಕ್ಯಾಮೆರಾ ಮುಳುಗುವುದೂ ಇಲ್ಲ, ಏಳುವುದೂ ಇಲ್ಲ. ಗಲ್ಫಿನಿಂದ ತಂದ ಒಂದು ಚೀಲ ತೋಳುಗಳಲ್ಲಿ ಯಾವುದು ಸರಿಯೆಂಬ ಲೆಕ್ಕ ನನಗೆ ಬಾಯಿಪಾಠ. ಸಪೂರದ ನಾಲ್ಕು ಕೊಳವೆ, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಆಲೆಟ್ಟಿ ಕಡೆಯ ಹೊಳೆಗುಂಡಿಗೆ ಇಳಿದೆ. ಅವಳು ಬಂಡೆಯ ಮೇಲೆ ಕುಳಿತಿದ್ದಳು. ಕೈ ಸಡಿಲಿಸಿದ್ದೇ ತಡ, ಕ್ಯಾಮೆರಾ ತಳಕ್ಕೆ ಹೊರಟಿತು! ಹಿಡಿದೆ. ಐದು ನಿಮಿಷಕ್ಕೆ ಮಣಿಕಟ್ಟು ಉರಿಯತೊಡಗಿತು.

"ನೋವಾಯ್ತಾ?"

"ಇಲ್ಲ."

"ಮುಖ ನೋಡಿದ್ರೆ ಗೊತ್ತಾಗ್ತದೆ ಮಾರಾಯ್ರೆ, ಸುಳ್ಳೆಂತಕ್ಕೆ?"

ಮನೆಗೆ ಬಂದು ಮುಖ ಊದಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಭರಣಿಯಿಂದ ತೆಗೆದ ಉಪ್ಪಿನ ಸೊಳೆಯನ್ನು, ಅಂದರೆ ಉಪ್ಪುನೀರಲ್ಲಿಟ್ಟ ಹಲಸಿನ ತೊಳೆಯನ್ನು, ಅವಳು ಉಪ್ಪು ಬಿಡಿಸಲು ಪಾತ್ರೆಯಲ್ಲಿ ನೆನೆಹಾಕುತ್ತಿದ್ದಳು. "ಅದೇ ಕ್ಯಾಮೆರಾ, ಅದೇ ತೋಳು. ಗಲ್ಫಿನಲ್ಲಿ ನಿಂತದ್ದು ಇಲ್ಲಿ ಎಂತಕ್ಕೆ ಮುಳುಗುದು?" ಎಂದು ಗೊಣಗಿದೆ.

ಅವಳು ಪಕ್ಕನೆ ನಕ್ಕಳು. "ಸಮುದ್ರದ ಲೆಕ್ಕ ಹೊಳೆಗೆ ತಂದದ್ದಾ ನೀವು? ಭರಣಿಯಲ್ಲಿ ಸೊಳೆ ತೇಲ್ತದೆ, ಅದಕ್ಕೇ ಮೇಲೆ ಕಲ್ಲು ಇಡುದು. ಸಪ್ಪೆ ನೀರಿಗೆ ಹಾಕಿದೆ, ಈಗ ನೋಡಿ, ಎಲ್ಲಾ ತಳದಲ್ಲಿ ಉಂಟು."

ಥತ್! ಇಷ್ಟು ವರ್ಷ ಅದೇ ಸೊಳೆಯ ಪಲ್ಯ ತಿಂದವನಿಗೆ ಅಷ್ಟು ಹೊಳೆಯಲಿಲ್ಲ. ಉಪ್ಪುನೀರು ಎತ್ತುವಷ್ಟು ಸಪ್ಪೆನೀರು ಎತ್ತುವುದಿಲ್ಲ. ಅಂಗಳದ ಟ್ಯಾಂಕಿಯಲ್ಲಿ ಕ್ಯಾಮೆರಾವನ್ನು ಮುಳುಗಿಸಿ, ಮೀನು ತೂಗುವ ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ನೋಡಿದೆ. ನೀರೊಳಗೂ ಕಾಲು ಕಿಲೋ ಭಾರ! ಫೋಮಿನ ತುಂಡುಗಳನ್ನು ಕಟ್ಟಿದರೆ ಎದ್ದೇನೋ ಬರುತ್ತದೆ, ಆದರೆ ಆ ಅಗಲಕ್ಕೆ ಹೊಳೆಯ ಸೆಳೆತದಲ್ಲಿ ಗಾಳಿಗೆ ಕೊಡೆ ಬಿಡಿಸಿದ ಹಾಗಾಗುತ್ತದೆ. ನಾಲ್ಕೂ ದಪ್ಪ ಕೊಳವೆ ಹಾಕಿದರೆ ಕ್ಯಾಮೆರಾ ನೀರಿನ ಮೇಲೆಯೇ ಕುಣಿಯಿತು. ಕೊನೆಗೆ ಪೆಟ್ಟಿಗೆಯ ಹತ್ತಿರ ದಪ್ಪದ್ದೆರಡು, ದೀಪಗಳ ಹತ್ತಿರ ಸಪೂರದ್ದೆರಡು. ತಕ್ಕಡಿಯ ಮುಳ್ಳು ಸೊನ್ನೆಗೆ ಬಂದು ನಿಂತಿತು.

ಶನಿವಾರ ಅದೇ ಗುಂಡಿಯಲ್ಲಿ ಉಸಿರು ಕಟ್ಟಿ ಮುಳುಗಿ, ಎರಡೂ ಕೈ ಬಿಟ್ಟೆ. ಕ್ಯಾಮೆರಾ ಇದ್ದಲ್ಲೇ ನಿಂತಿತು! ಎರಡು ಬೆರಳಲ್ಲಿ ತಿರುಗಿಸಿದರೆ ತಿರುಗುತ್ತದೆ. ಬಂಡೆಯ ಸಂದಿನಿಂದ ಮೊಳದುದ್ದದ ಮೀನುಗಳು ಒಂದೊಂದಾಗಿ ಬಂದು ಗಾಜಿಗೆ ಮೂತಿ ತಾಗಿಸಿದವು. ಮತ್ತೆ ಮತ್ತೆ ಮುಳುಗಿದೆ. ಗಂಟೆ ಕಳೆದರೂ ಕೈಯ ನೆನಪೇ ಆಗಲಿಲ್ಲ. ಮೇಲೆ ಬಂದವನು ಸಂತೋಷ ತಡೆಯದೆ ಹೊಳೆಯಿಡೀ ಕೇಳುವಂತೆ ಕೂಗಿದೆ.

ಅವಳು ಬಂಡೆಯ ಮೇಲೆಯೇ ವಿಡಿಯೋ ನೋಡಿದಳು. ಇನ್ನೊಮ್ಮೆ ಹಾಕಿಸಿ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಮೊಬೈಲ್ ತೆಗೆದು ಗಿರಾಕಿಗೆ ಫೋನ್ ಮಾಡಿದಳು.

"ನಾಳೆ ಬರುದು ಬೇಡ ಮಾರಾಯ್ರೆ. ಕ್ಯಾಮೆರಾ ಕೊಡ್ಲಿಕ್ಕಿಲ್ಲ. ನಮಗೇ ಬೇಕು."