ನಿಧಾನದವರು ಮುಂದೆ

ಆಗ ಶಹಾಬಾದಿನಲ್ಲಿ ಊರಾಚೆ, ಸಿಮೆಂಟ್ ಕಾರ್ಖಾನೆಯ ಬಂಗಲೆಗಳ ಹಿಂದೆ ಒಂದು ದೊಡ್ಡ ಬಾಗ್ ಇತ್ತು. ಬೇವು, ಹುಣಸೆ, ಸಾಹೇಬರು ಎಲ್ಲಿಂದಲೋ ತರಿಸಿ ಹಬ್ಬಿಸಿದ ಹೂಬಳ್ಳಿಗಳು; ನಡುವೆ ಪರಸಿ ಕಲ್ಲು ಹಾಸಿದ ಸುತ್ತುದಾರಿ. ಚಳಿಗಾಲದ ಬೆಳಗಿನಲ್ಲಿ ಮಂಜು ಯಾವುದು, ಚಿಮಣಿಯ ಧೂಳು ಯಾವುದು ಎಂದು ತಿಳಿಯುತ್ತಿರಲಿಲ್ಲ. ಎಲೆಗಳೆಲ್ಲ ಬೆಳ್ಳಗೆ. ಆ ಬಿಳುಪಿನೊಳಗೆ ನಾವು ನಾಲ್ಕು ಜನ ಸೈಕಲ್ ತುಳಿಯುತ್ತ ಸುತ್ತುತ್ತಿದ್ದೆವು: ಬಟ್ಟೆ ಅಂಗಡಿಯ ಸಾಹುಕಾರರು, ಸ್ಟೇಶನ್ನಿನ ಪಾರ್ಸಲ್ ಬಾಬು, ಸರಕಾರಿ ಶಾಲೆಯಲ್ಲಿ ಉರ್ದು ಕಲಿಸುವ ಮಾಸ್ತರರು, ಮತ್ತು ಕಲ್ಲಿನ ಗಣಿಯ ಕಚೇರಿಯಲ್ಲಿ ಮುನ್ಶಿಯಾಗಿದ್ದ ನಾನು.

ನಮ್ಮಲ್ಲಿ ಒಂದು ಕಟ್ಟಳೆ. ಎಲ್ಲರಿಗಿಂತ ನಿಧಾನ ಹೋಗುವವರು ಮುಂದೆ. ಅವರನ್ನು ಯಾರೂ ದಾಟಬಾರದು. ಹಾಗಾದರೆ ಯಾರೂ ಹಿಂದುಳಿಯುವುದಿಲ್ಲ, ಮಾತೂ ಕಡಿಯುವುದಿಲ್ಲ. ಮುಂದೆ ಯಾರಿರಬೇಕೆಂಬುದರ ಬಗ್ಗೆ ಎಂದೂ ವಾದ ಹುಟ್ಟಲಿಲ್ಲ; ಅದು ಯಾವಾಗಲೂ ನಾನೇ. ಯುದ್ಧದ ಕಾಲ, ಟೈರು ಹರಿದರೆ ಇನ್ನೊಂದು ಸಿಗದು. ಒದ್ದೆ ಕಲ್ಲು ಜಾರಬಹುದು, ಮಫ್ಲರ್ ಚಕ್ರಕ್ಕೆ ಸಿಕ್ಕಬಹುದು, ಬೇಲಿಯಾಚೆ ಮಲಗಿದ ನಾಯಿಗೆ ಇವತ್ತೇ ನನ್ನ ಮೇಲೆ ಮನಸ್ಸಾಗಬಹುದು. ಇಷ್ಟೆಲ್ಲ ಹೊತ್ತುಕೊಂಡು ತುಳಿಯುವವನು ಬೇಗ ಹೋಗುವುದಾದರೂ ಹೇಗೆ? ಕತ್ತು ತಿರುಗಿಸುವ ಧೈರ್ಯವೂ ಇರಲಿಲ್ಲವಾದ್ದರಿಂದ ನನ್ನ ಗೆಳೆಯರು ನನಗೆ ಬೆನ್ನ ಹಿಂದಿನ ದನಿಗಳು ಮಾತ್ರ. ವಾಡಿಯ ಕಡೆಯಿಂದ ಬರುವ ರೈಲುಗಾಡಿಯ ಸದ್ದು ಮಂಜಿನಲ್ಲಿ ಕರಗುವಾಗ ಆ ದನಿಗಳೂ ಅದರ ಜೊತೆ ತೇಲಿಹೋಗಿ ಮರಳಿ ಬರುತ್ತಿದ್ದವು. ನಿದ್ದೆಯಲ್ಲೇ ಇದ್ದೇನೋ ಅನಿಸುತ್ತಿತ್ತು.

ಒಂದು ಚಳಿಗಾಲ ಮಾಸ್ತರರಿಗೆ ಉಬ್ಬಸ ಹತ್ತಿತು. ಸೈಕಲ್ ಬಿಡಬೇಕೆಂದು ಹಕೀಮರು ಹೇಳಿದರು. ಮಾಸ್ತರರ ಬೀಬಿ ನಮ್ಮ ಕಟ್ಟಳೆಯನ್ನು ಚೆನ್ನಾಗಿ ಬಲ್ಲವರು.

“ನಮ್ಮ ಮನ್ಯಾಗಿನವ್ರು ಒಂದs ಮಾತು ಹೇಳ್ಯಾರ,” ಎಂದು ಮಾಸ್ತರರೇ ನಗುತ್ತ ತಿಳಿಸಿದರು. “ನೀವು ಎಂದು ಮುಂದ ಬರ್ತೀರಿ, ಅಂದs ಸೈಕಲ್ ಮಾರಿಬಿಡ್ತೀನಿ ಅಂತ.”

ನಗು ಗಂಟಲಲ್ಲೇ ಕೆಮ್ಮಾಯಿತು. ಈ ಒಂದು ಸುತ್ತು ಹೋದರೆ ಅವರಿಗೆ ಉಳಿಯುವುದು ಶಾಲೆ ಮತ್ತು ಕಷಾಯ ಎಂದು ನಮಗೆಲ್ಲ ಗೊತ್ತಿತ್ತು. ಅಂದಿನಿಂದ ಅವರಿಗಿಂತ ನಿಧಾನ ಹೋಗುವ ಹೊಣೆ ನನ್ನ ಮೇಲೆ ಬಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಅಂಜುಬುರುಕತನಕ್ಕೆ ಒಂದು ಕೆಲಸ ಸಿಕ್ಕಿತ್ತು.

ಸೈಕಲ್ಲನ್ನು ನಿಧಾನ ನಡೆಸುವುದು ಎಷ್ಟು ಕಷ್ಟ! ಹಿಂದೆ ಅವರ ಉಸಿರು ಸೀಟಿ ಹೊಡೆದಂತೆ ಕೇಳಿದಾಗಲೆಲ್ಲ ನಾನು ಇನ್ನಷ್ಟು ತಡೆಯುತ್ತಿದ್ದೆ. ಹ್ಯಾಂಡಲ್ ಹಾವಿನಂತೆ ಹೊರಳುತ್ತಿತ್ತು.

“ಮುನ್ಶಿಜಿ, ಸೈಕಲ್ ಹೊಡೀಲಿಕತ್ತೀರೋ, ಕಲ್ಲಿಗಿ ಇಸ್ತ್ರಿ ಮಾಡ್ಲಿಕತ್ತೀರೋ?” ಎಂದರು ಸಾಹುಕಾರರು.

“ಚಕ್ರದಾಗ ಗಾಳಿ ಕಡಿಮಿ ಅದರೀ,” ಎಂದೆ.

“ಗಾಳಿ ಚಕ್ರದಾಗ ಅಲ್ಲ, ನಿಮ್ಮ ಮಾತಿನಾಗ ಭಾಳ ಅದ,” ಎಂದರು ಬಾಬು. ಯಾಕೆ ಹೀಗೆ ಮಾಡುತ್ತಿದ್ದೇನೆಂದು ಅವರಿಬ್ಬರಿಗೂ ಗೊತ್ತಿತ್ತು. ಚೇಷ್ಟೆಯೆಲ್ಲ ಮಾಸ್ತರರ ಕಿವಿಗಾಗಿ, ಅವರಿಗೆ ಅನುಮಾನ ಬಾರದಿರಲೆಂದು.

ಆ ಚಳಿಗಾಲ ಹಾಗೆಯೇ ತೇಲಿತು. ಇಬ್ಬನಿ ಟಪಟಪನೆ ಟೋಪಿಯ ಮೇಲೆ ಬೀಳುತ್ತಿತ್ತು. ನಾವು ದಿನದಿಂದ ದಿನಕ್ಕೆ ನಿಧಾನವಾಗುತ್ತ ಹೋದೆವು. ಒಂದು ಮುಂಜಾನೆಯಂತೂ ಬಾಗಿನ ಮುದಿ ಮಾಲಿ ನೀರಿನ ಕೊಡ ಹೊತ್ತುಕೊಂಡು ನಮ್ಮನ್ನು ದಾಟಿ ಹೋದ. ಹೋಗುತ್ತ ಸಲಾಮನ್ನೂ ಮಾಡಿದ.

ಹಿಂದೆ ಮಾಸ್ತರರು ಜೋರಾಗಿ ನಕ್ಕರು. “ಬಸ್, ಮುನ್ಶಿಜಿ! ನಾ ಮುಂದ ಬರಬಾರ್ದು ಅಂತ ನೀವು ಬೀಳೋದು ಬ್ಯಾಡ. ಸರೀರಿ ಬಾಜೂಕ!”

ಗಂಟೆ ಬಾರಿಸುತ್ತ ಅವರು ನನ್ನನ್ನು ದಾಟಿಯೇಬಿಟ್ಟರು. ಶೇರವಾನಿಯ ಅಂಚು ಹಾರಾಡಿತು. ಕ್ಷಣದಲ್ಲಿ ಅವರಿಲ್ಲ, ಬರೀ ಬಿಳುಪು, ಅದರೊಳಗೆಲ್ಲೋ ಗಂಟೆ. ನಾನು ಟೈರು, ಕಲ್ಲು, ನಾಯಿ ಎಲ್ಲ ಮರೆತು ತುಳಿದೆ. ಕೊಳದ ಕಟ್ಟೆಯ ಮೇಲೆ ಅವರು ಕೂತಿದ್ದರು, ಎದೆ ತಿದಿಯಂತೆ ಏಳುತ್ತ ಬೀಳುತ್ತ, ಮುಖ ಮದುಮಗನಂತೆ ಬೆಳಗುತ್ತ.

“ಈಗ ಮಾರ್ಲಿ,” ಎಂದರು. “ನಾ ಮುಂದ ಬಂದೆ ಅಂತ ನಾನೇ ಹೋಗಿ ಹೇಳ್ತೀನಿ. ಆದ್ರ ಹ್ಯಾಂಗ ಬಂದೆ ಅನ್ನೋದು ನೀವು ಹೇಳ್ರಿ. ನನ್ನ ಮಾತು ಆಕಿ ನಂಬೂದಿಲ್ಲ.”

ಹೋಗಿ ಹೇಳಿದೆವು. ಬೀಬಿ ಪರದೆಯ ಹಿಂದಿನಿಂದ ಎಲ್ಲ ಕೇಳಿ, “ಹಂಗಾದ್ರ ನಡಕೊಂಡು ಹೋಗ್ಲಿ. ಕಾಲಿಗೇನು ಉಬ್ಬಸ ಬಂದಿಲ್ಲ,” ಎಂದರು.

ಸೈಕಲ್ ಚಿತ್ತಾಪುರದ ಯಾರಿಗೋ ಹೋಯಿತು. ಮಾಸ್ತರರು ಶಾಲು ಹೊದ್ದು ಬಾಗಿಗೆ ನಡೆದು ಬರತೊಡಗಿದರು. ನನ್ನ ಹ್ಯಾಂಡಲ್ ಮೇಲೆ ಒಂದು ಕೈಯಿಟ್ಟು, ಅವಸರವಿಲ್ಲದೆ, ಶಾಲೆಯ ಸುದ್ದಿ ಹೇಳುತ್ತ ಜೊತೆಗೇ ಬರುತ್ತಿದ್ದರು. ಅವರಿಗೆಲ್ಲಿ ಆಯಾಸವಾಗುತ್ತದೋ ಎಂದು ನಾನು ಚಿಂತಿಸುತ್ತಿದ್ದೆ. ಅವರು ಮಾತ್ರ ಆಗಾಗ ಕೈ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು, ನಾನು ಬರುವವರೆಗೆ ಕಾಯುತ್ತಿದ್ದರು.