ಗಿಣಿಗೆ ಕಣ್ಣಿಲ್ಲದ ಕಂಬ

ಭಾನುವಾರದ ನಡಿಗೆಗೆ ನಾನು ಮೊದಲೆಲ್ಲ ಹೋಗುತ್ತಿರಲಿಲ್ಲ. ನಡೆದು ಬಂದವರಿಗೆ ಒಗ್ಗರಣೆ ಮಂಡಕ್ಕಿ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಮಂಡಕ್ಕಿಯನ್ನು ಮೊದಲೇ ನೆನೆಸಿಟ್ಟರೆ ಮುದ್ದೆಯಾಗುತ್ತದೆ. ಹಾಗಾಗಿ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ, ಪುಟಾಣಿ ಪುಡಿ ಮಾಡಿಟ್ಟುಕೊಂಡು ಕಾಯುತ್ತಿದ್ದೆ. ನಮ್ಮ ಯಜಮಾನರು ಫೋನು ಮಾಡಿ "ಕಾಲುವಿ ದಾಟಿದ್ವಿ ನೋಡು" ಅಂದ ಮೇಲೆಯೇ ನೀರಿಗೆ ಹಾಕಿ ಹಿಂಡುವುದು. ಬಂದವರು ವರಾಂಡದಲ್ಲಿ ಕೂತು ತಿಂದು, ಚಹಾ ಕುಡಿದು, "ಸರ್ ಏನ್ ಚಂದ ಹೇಳ್ತಾರ್ರೀ ಅಮ್ಮಾ" ಎಂದು ಹೊಗಳಿ ಹೋಗುತ್ತಿದ್ದರು. ಏನು ಹೇಳುತ್ತಾರೆ ಎಂದು ನಾನು ಕೇಳಿದವಳಲ್ಲ. ಮನೆಯಲ್ಲಿ ಇವರು ಅಷ್ಟು ಮಾತಾಡುವವರೂ ಅಲ್ಲ.

ಇವರ ನೌಕರಿಯೆಲ್ಲ ದೋಣಿಮಲೈ ಗಣಿಯ ಸರ್ವೇ ವಿಭಾಗದಲ್ಲಿ ಕಳೆಯಿತು. ನಿವೃತ್ತರಾದ ಮೇಲೆ ಹೊಸಪೇಟೆಗೆ ಬಂದು ಹಂಪಿ ರಸ್ತೆಯ ಕಡೆ ಮನೆ ಮಾಡಿದೆವು. ಜೀವನವಿಡೀ ಗುಡ್ಡ ಒಡೆಯುವುದನ್ನು ಅಳೆದವರಿಗೆ ಇಲ್ಲಿ ಬಂದು ಕಡೆದ ಕಲ್ಲಿನ ಹುಚ್ಚು ಹಿಡಿಯಿತು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕಂಪ್ಲಿಯ ಹುಡುಗಿಯೊಬ್ಬಳು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಇವರು, ಮೂವರೂ ಸೇರಿ ನಡಿಗೆ ಶುರು ಮಾಡಿದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹಂಪಿಯ ದೊಡ್ಡ ಗುಡಿಗಳ ಕಡೆ ಸುಳಿಯುತ್ತಿರಲಿಲ್ಲ. ಅಲ್ಲಿ ಲೈಸೆನ್ಸ್ ಇರುವ ಗೈಡುಗಳಿದ್ದಾರೆ, ಅವರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದು ಮೂವರೂ ಮಾತಾಡಿಕೊಂಡಿದ್ದರು. ಕಾಲುವೆಯ ಹಳೆಯ ತೂಬು, ಬಾಳೆತೋಟದ ನಡುವೆ ಸಿಕ್ಕಿಕೊಂಡ ಮಂಟಪ, ಬಂಡೆ ಸೀಳಲು ಸಾಲಾಗಿ ಹೊಡೆದ ಗುಳಿಗಳು, ಹೀಗೆ ಯಾರೂ ನಿಂತು ನೋಡದ್ದನ್ನು ನಿಲ್ಲಿಸಿ ತೋರಿಸುತ್ತಿದ್ದರು.

ಗುಂಪಿನ ಕೊನೆಯಲ್ಲಿ ಒಬ್ಬರು ನಡೆಯಬೇಕು. ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳಬೇಕು, ಫೋಟೋ ತೆಗೆಯುತ್ತ ನಿಂತವರನ್ನು ಮುಂದೆ ಕಳಿಸಬೇಕು, ಖಾಲಿ ಬಾಟಲಿ ಆರಿಸಬೇಕು. ಅದು ಬ್ಯಾಂಕಿನವರ ಕೆಲಸ. ಒಂದು ಭಾನುವಾರ ಅವರ ಮನೆಯಲ್ಲಿ ಮದುವೆ ಬಂತು.

"ನೀನ ಬಾ ಇವತ್ತು," ಎಂದರು ಇವರು. "ಮಾತಾಡೋದು ಏನಿಲ್ಲ. ಹಿಂದ ನಡದ್ರ ಸಾಕು."

"ಮಂಡಕ್ಕಿ ಯಾರು ಮಾಡಬೇಕು?"

"ಒಂದಿನ ಅಂಗಡ್ಯಾಗ ತಿಂತಾರ ಬಿಡು. ಸಾಯಂಗಿಲ್ಲ ಯಾರೂ."

ಹಿಂದೆ ನಡೆಯುವವರಿಗೆ ಮುಂದಿನ ಮಾತು ಅರ್ಧಂಬರ್ಧ ಕೇಳಿಸುತ್ತದೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಅವರು ಹೇಳಿ ಮುಗಿಸಿ ಹೊರಟಿರುತ್ತಾರೆ. ಕುರೆಕುಪ್ಪದಿಂದ ಬಂದಿದ್ದ ಹೆಂಗಸೊಬ್ಬಳು ನನ್ನ ಜತೆಗೇ ಹಿಂದೆ ಉಳಿದಳು. ಗಂಡ ಉಕ್ಕಿನ ಕಾರ್ಖಾನೆಯಲ್ಲಂತೆ. ಬಾಯಿ ಬಿಡುವಿಲ್ಲದ ಹೆಂಗಸು.

"ಅಕ್ಕಾ, ನಾನು ಹಿಂದ ಎರಡು ಸಲ ಬಂದೀನಿ. ಆ ಕಂಬದ ಕಥಿ ಕೇಳಾಕನ ಮತ್ತ ಬಂದೆ. ನೀವು ಕೇಳೀರಲ್ಲ?"

"ಇಲ್ಲವ್ವಾ."

"ಅಯ್ಯ! ಅಂಥವರನ್ನ ಮನ್ಯಾಗ ಇಟ್ಕೊಂಡು?"

ಕಾಲುವೆಯ ಪಕ್ಕದ ಆ ಮಂಟಪ ಸಣ್ಣದು. ನಾಲ್ಕೇ ಕಂಬ. ಮೂರು ಕಂಬಗಳನ್ನು ಪೂರ್ತಿ ಕೆತ್ತಿದ್ದಾರೆ. ನಾಲ್ಕನೆಯದರಲ್ಲಿ ಒಂದು ಗಿಣಿ ಕಲ್ಲಿನಿಂದ ಅರ್ಧ ಹೊರಗೆ ಬಂದು ನಿಂತಿದೆ. ಕೊಕ್ಕು ಮೂಡಿದೆ, ರೆಕ್ಕೆಯ ಗೆರೆ ಮೂಡಿದೆ, ಕಣ್ಣಿಲ್ಲ. ನೆರಳಿತ್ತೆಂದು ಎಲ್ಲರೂ ಒಳಗೆ ಕೂತಿದ್ದರು. ನನಗೆ ಜಾಗ ಸಾಲದೆ ಹೊರಗೆ ಬಿಸಿಲಲ್ಲಿ, ಬಾಟಲಿ ತುಂಬಿದ ಚೀಲ ಹಿಡಿದು ನಿಂತೆ. ಮೊದಲ ಸಲ ಇವರ ಮಾತು ಪೂರ್ತಿ ಕೇಳಿಸಿತು.

"ಇದ್ಯಾಕ ಅರ್ಧಕ್ಕ ನಿಂತೈತಿ ಅಂದ್ರ," ಎಂದು ಇವರು ಕಂಬಕ್ಕೆ ಕೈಯಿಟ್ಟರು. "ಈ ಕಲ್ಲು ಕಡದಾಂವಗ ಒಬ್ಬಾಕಿ ಮಗಳಿದ್ಲು. ಸಣ್ಣಾಕಿ. ಸಂಜಿಕಿ ಅಪ್ಪ ಕೆಲಸ ಬಿಟ್ಟು ಬಂದ್ರ ಮೈಯೆಲ್ಲ ಧೂಳು. ಅಕಿ ಅಪ್ಪನ ಬೆನ್ನಿನ ಧೂಳಿನ್ಯಾಗ ಬೆರಳಿಲೆ ಅಕ್ಷರ ಬರಿಯಾಕಿ. ಏನು ಬರದೆ ಹೇಳಪ್ಪಾ ಅನ್ನಾಕಿ. ಇಂವ ಬೇಕಂತ ತಪ್ಪು ಹೇಳಾಂವ. ಅಕಿ ನಕ್ಕೋತ ಮತ್ತ ಬರಿಯಾಕಿ. ಒಂದಿನ ಹಂಗ ಬರದ್ಲು. ಇಂವಗ ಅವತ್ತು ಭಾಳ ದಣಿವಾಗಿತ್ತು. ನಾಳಿ ಹೇಳತೀನಿ ಬಿಡವ್ವಾ ಅಂದ. ಅವತ್ತ ಜ್ವರ ಬಂತು. ನಾಳಿ ಆಗಲಿಲ್ಲ. ಏನು ಬರದಿದ್ಲು ಅನ್ನೋದು ಅಪ್ಪಗ ಗೊತ್ತಾಗಲೇ ಇಲ್ಲ. ತನ್ನ ಬೆನ್ನು ತನಗ ಕಾಣಂಗಿಲ್ಲ ನೋಡ್ರಿ. ಮುಂದ ಇಂವ ಉಳಿ ಹಿಡೀಲಿಲ್ಲ. ಗಿಣಿ ಹಂಗ ಉಳೀತು."

ಕುರೆಕುಪ್ಪದವಳು ವೇಲಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಇವರು "ನಡೀರಿ, ಬಿಸಿಲಾತು" ಎಂದು ಮುಂದೆ ಹೊರಟರು.

ಅದು ಕಲ್ಲಿನ ಬಿಳಿ ಧೂಳಲ್ಲ. ಕಬ್ಬಿಣದ ಅದಿರಿನ ಕೆಂಪು ಧೂಳು. ದೋಣಿಮಲೈ ಕ್ವಾರ್ಟರ್ಸಿನಲ್ಲಿ ಸ್ಟಾಫ್ ಬಸ್ಸು ಬರುವ ಹೊತ್ತಿಗೆ ನಮ್ಮ ಮಗಳು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಇವರು ಬೂಟು ಬಿಚ್ಚಲು ಬಗ್ಗಿದರೆ ಸಾಕು, ಆ ಬೆನ್ನೇ ಅವಳ ಪಾಟಿ. ಬೆರಳು ಕೆಂಪು ಮಾಡಿಕೊಂಡು ಒಳಗೆ ಬಂದು ಗೋಡೆಗೆ ಒರೆಸುತ್ತಾಳೆಂದು ನಾನು ಬೈಯುತ್ತಿದ್ದೆ. ಎರಡನೇ ಕ್ಲಾಸಿನಲ್ಲಿದ್ದಳು. ಜ್ವರ ಬಂತು, ಏರಿತು. ಬಳ್ಳಾರಿಗೆ ಒಯ್ಯಿರಿ ಎಂದರು. ಆಸ್ಪತ್ರೆ ಮುಟ್ಟುವ ಮೊದಲೇ, ಆಂಬುಲೆನ್ಸಿನಲ್ಲಿ, ನನ್ನ ತೊಡೆಯ ಮೇಲೆ ಹೋಗಿಬಿಟ್ಟಳು. ಸಂಡೂರಿನ ಟೇಲರಿಗೆ ಹೊಲಿಯಲು ಕೊಟ್ಟಿದ್ದ ಅವಳ ಯೂನಿಫಾರ್ಮು ತರಲು ನಾವಿಬ್ಬರೂ ಹೋಗಲಿಲ್ಲ. ಅಲ್ಲೇ ಉಳಿಯಿತು.

ನಮಗೆ ಮತ್ತೆ ಮಕ್ಕಳಾಗಲಿಲ್ಲ. ಅವಳ ಮಾತು ಮನೆಯಲ್ಲಿ ಬರಲಿಲ್ಲ. ಹೀಗೆಂದು ಇಬ್ಬರೂ ಕೂತು ತೀರ್ಮಾನ ಮಾಡಿದ್ದಲ್ಲ. ಒಂದು ದಿನ ಇವರು ಎತ್ತಲಿಲ್ಲ, ಮರುದಿನ ನಾನು ಎತ್ತಲಿಲ್ಲ, ಹಾಗೇ ವರ್ಷಗಳು ಹೋದವು. ಆ ಕಡೆಯ ಸಂಜೆ ಅವಳು ಬರೆದದ್ದು, ಇವರು ನಾಳೆ ಎಂದದ್ದು ನನಗೆ ಗೊತ್ತೇ ಇರಲಿಲ್ಲ. ಊರವರ ಜತೆ ನಿಂತು ಕೇಳಿದೆ.

ಆವತ್ತು ಮನೆಗೆ ಬಂದು ಚಹಾ ಇಟ್ಟೆ, ಹಾಸಿಗೆ ಬಟ್ಟೆ ನೆನೆಹಾಕಿದೆ, ಮಧ್ಯಾಹ್ನಕ್ಕೆ ಸಾರು ಮಾಡಿದೆ. ಒಳಗೆ ಸಿಟ್ಟು ಕುದಿಯುತ್ತಿತ್ತು. ನನಗೆ ಹೇಳದ್ದನ್ನು ಕುರೆಕುಪ್ಪದವಳಿಗೆ ಹೇಳಿದ್ದಾರೆ, ಒಂದು ಸಲವಲ್ಲ, ವಾರ ವಾರ. ಆದರೂ ಮುಂದಿನ ಭಾನುವಾರ ಸೀರೆ ಉಟ್ಟು ಹೊರಟೆ. ಬ್ಯಾಂಕಿನವರು ಬಂದಿದ್ದರು, ನನ್ನ ಅಗತ್ಯ ಇರಲಿಲ್ಲ. "ನಡದ್ರ ಮೊಣಕಾಲಿಗೆ ಛಲೋ ಅಂತ ಡಾಕ್ಟರು ಹೇಳ್ಯಾರ" ಎಂದೆ. ಹೆಚ್ಚುವುದೆಲ್ಲ ನಸುಕಿನಲ್ಲೇ ಮುಗಿಸಿಟ್ಟು ಪ್ರತಿ ವಾರ ಹೋಗತೊಡಗಿದೆ.

ಕಂಬದ ಹತ್ತಿರ ಬಂದಾಗ ಇವರು ನನ್ನ ಕಡೆ ನೋಡುತ್ತಿರಲಿಲ್ಲ. ನಾನೂ ಕಾಲುವೆಯ ಕಡೆ ಮುಖ ಮಾಡಿರುತ್ತಿದ್ದೆ. ಆದರೆ ವಾರಕ್ಕೊಮ್ಮೆ ಅವಳ ಸುದ್ದಿ ನಮ್ಮಿಬ್ಬರ ಕಿವಿಗೂ ಬೀಳುತ್ತಿತ್ತು. ಸಿಟ್ಟು ಯಾವಾಗ ಹೋಯಿತೋ ತಿಳಿಯದು. ಶನಿವಾರ ಬಂತೆಂದರೆ ನಾಳೆ ಅವಳಿದ್ದಾಳೆ ಅನ್ನಿಸುತ್ತಿತ್ತು.

ಕಂಪ್ಲಿಯ ಕೋಟೆಯಲ್ಲೂ ಒಂದು ನಡಿಗೆ ಮಾಡಬೇಕೆಂದು ದಾರಿ ನೋಡಿ ಬರಲು ಕಾಲೇಜಿನಲ್ಲಿ ಕಲಿಸುವ ಹುಡುಗಿ ಹೊರಟಿದ್ದಳು. ಒಬ್ಬಳಿಗೆ ಬೇಜಾರು, ಬರ್ರಿ ಎಂದು ನನ್ನನ್ನೂ ಕರೆದುಕೊಂಡು ಹೋದಳು. ಬಿಸಿಲೇರಿದ ಮೇಲೆ ಹೊಳೆ ದಂಡೆಯಲ್ಲಿ ನೆರಳು ಹುಡುಕಿ ಕೂತೆವು.

"ಅಕ್ಕಾ, ಒಂದು ಮಾತೈತಿ. ಸರ್ ಮುಂದ ಹೇಳಾಕ ಧೈರ್ಯ ಆಗವಲ್ದು."

"ಹೇಳವ್ವಾ."

"ಆ ಕಂಬದ ಕಥಿ ಎಲ್ಲಿಂದ ಬಂತ್ರಿ? ನಾನು ಎಲ್ಲಾ ಕಡೆ ಹುಡುಕಿದೆ. ಆ ಕಡಿ ಹಿರ‍್ಯಾರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ಬೇಕು ಅಂತ ನಮಗ ಕಲಿಸಿದವ್ರ ಸರ್. ನಾನು ಒಂದು ಮಾತು ಹೆಚ್ಚಿಗಿ ಹೇಳಿದ್ದಕ್ಕ ಎಲ್ಲಾರ ಮುಂದ ಬೈದಾರ."

ನಾನು ನೀರು ನೋಡುತ್ತ ಕೂತೆ.

"ನಮ್ಮ ಸ್ಟೂಡೆಂಟ್ಸು ಅದನ್ನ ಇತಿಹಾಸ ಅಂತ ಸೆಮಿನಾರಿಗೆ ಬರ್ಕೊಂಡು ಬಂದಿದ್ರು. ಅದೂ ಹೋಗ್ಲಿ. ಈಗ ಆಟೋದವ್ರೂ ಹೇಳಾಕತ್ಯಾರ. ಅವರ ಕಥ್ಯಾಗ ಜ್ವರ ಇಲ್ರಿ. ಹುಡುಗೀನ ಕಾಲುವ್ಯಾಗ ಬೀಳಿಸ್ಯಾರ! ಅಮಾಸಿಗೊಮ್ಮಿ ಅಳೋದು ಕೇಳತೈತಂತ. ಟೂರಿಸ್ಟ್ ಮಂದಿ ನೀರಿಗೆ ಬಗ್ಗಿ ಬಗ್ಗಿ ಫೋಟೋ ಹೊಡ್ಕೊಂತಾರ."

ಹುಡುಗಿ ನಗುತ್ತಲೇ ಹೇಳಿದಳು. ಅವಳಿಗೇನು ಗೊತ್ತು. ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟವಳನ್ನು ಯಾರೋ ನೀರಿಗೆ ನೂಕಿದ್ದರು, ಅವಳು ಬಿದ್ದ ಜಾಗವೆಂದು ತೋರಿಸುತ್ತಿದ್ದರು. "ನಮ್ಮ ಯಜಮಾನ್ರಿಗೆ ನಾನು ಹೇಳತೀನಿ ಬಿಡು" ಎಂದೆ.

ಎಂದೆನೇನೋ ಹೌದು, ಬಾಯಿ ಬರಲಿಲ್ಲ. ಹೇಳಿದರೆ ಭಾನುವಾರವೂ ಹೋಗುತ್ತದೆ. ಇನ್ನೊಂದು ಸಲ ಕೇಳೋಣ, ಇನ್ನೊಂದು ಸಲ ಎಂದು ಒಂದೆರಡು ವಾರ ತಳ್ಳಿದೆ. ಕೇಳುವಾಗೆಲ್ಲ ಕಣ್ಣು ಕಾಲುವೆಯ ನೀರಿನ ಮೇಲೆ ಹೋಗುತ್ತಿತ್ತು. ಕಡೆಗೊಂದು ಶನಿವಾರ ಮಧ್ಯಾಹ್ನ, ಇವರು ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿಕೊಡುತ್ತಿದ್ದಾಗ ಹೇಳಿದೆ.

"ಆ ಕಂಬದ ಕಥಿ ಇನ್ನ ಹೇಳಬ್ಯಾಡ್ರಿ."

ಇವರ ಕೈ ನಿಂತಿತು. "ಯಾಕ?"

"ಆಟೋದವ್ರೂ ಹೇಳಾಕತ್ಯಾರಂತ. ಕಾಲುವ್ಯಾಗ ಬಿದ್ದು ಸತ್ಲು ಅಂತ."

"ಯಾರು ಬಿದ್ದಿದ್ದು?"

"ಅಕಿ."

ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅವಳ ಬಗ್ಗೆ ಬಂದ ಮೊದಲ ಮಾತು ಅದು.

"ನಿನ್ನ ಮುಂದ ಹೇಳಾಕ ಆಗಲಿಲ್ಲ ನನಗ," ಎಂದರು. "ಅವರ ಮುಂದಾದ್ರ ಯಾರೋ ಕಲ್ಲು ಕಡಿಯಾವನ ಮಗಳು. ಸಲೀಸು ಬರತಿತ್ತು."

"ಗೊತ್ತಾತು ಬಿಡ್ರಿ."

"ಅವತ್ತಿನ ಅಂಗಿ ನೀನ ಒಗದಿ, ಅಲ್ಲಾ? ಬೆನ್ನ ಮ್ಯಾಲೆ ಏನರ ಇತ್ತನು?"

ಏನಾದರೂ ಒಂದು ಹೇಳಿಬಿಡಬಹುದಿತ್ತು. ಅಪ್ಪ ಎಂದು ಬರೆದಿದ್ದಳು ಅಂದರೆ ಇವರು ನಂಬುತ್ತಿದ್ದರು, ನಂಬಿ ನಿದ್ದೆ ಮಾಡುತ್ತಿದ್ದರು. ನನಗೆ ನೆನಪಿರುವುದು ಕೆಂಪು ನೀರಿನ ಬಕೀಟು, ಒಳಗೆ ಅವಳು ನರಳುವ ಸದ್ದು, ಅಷ್ಟೇ.

"ನೋಡಲಿಲ್ರಿ. ಎಲ್ಲಾದರ ಜತಿಗೆ ನೆನಿಹಾಕಿದ್ದೆ."

"ಹೂಂ" ಎಂದು ಮತ್ತೆ ತೊಟ್ಟು ಬಿಡಿಸತೊಡಗಿದರು.

ಮರುದಿನ ಕುರೆಕುಪ್ಪದವಳು ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಕಂಬದ ಕಥೆ ಕೇಳಿಸಬೇಕೆಂದು ಆ ಮುದುಕಿಯನ್ನು ನಡೆಸಿಕೊಂಡೇ ಬಂದಳು. ಕಾಲೇಜಿನ ಹುಡುಗರೂ ಹತ್ತಾರು ಜನ ಇದ್ದರು. ಮಂಟಪದಲ್ಲಿ ಎಲ್ಲರೂ ಕೂತರು. ಇವರು ಗಿಣಿಯನ್ನು ತೋರಿಸಿದರು.

"ಇದ್ಯಾಕ ಅರ್ಧಕ್ಕ ನಿಂತೈತಿ ಅಂತ ಯಾರಿಗೂ ಗೊತ್ತಿಲ್ರಿ. ಬರ್ರಿ, ತೂಬಿನ ಕಡೆ ಹೋಗೂಣು."

"ಸರ್, ಕಥಿ?" ಎಂದಳು ಅವಳು. "ನಮ್ಮತ್ತೀನ ಅದಕ್ಕ ಕರ್ಕೊಂಡು ಬಂದೀನಿ!"

"ಅದು ನಾನ ಕಟ್ಟಿದ್ದವ್ವಾ. ಇತಿಹಾಸ ಅಲ್ಲ. ತಪ್ಪಾತು. ಇನ್ನ ಮ್ಯಾಲೆ ಯಾರೂ ಯಾರಿಗೂ ಹೇಳಬ್ಯಾಡ್ರಿ."

"ಮಸ್ತ್ ಕಟ್ಟಿದ್ರಿ ಸರ್! ಸಿನಿಮಾ ತೆಗೀಬಹುದಿತ್ತು!" ಎಂದು ಹುಡುಗನೊಬ್ಬ ಕೂಗಿದ. ಎಲ್ಲರೂ ನಕ್ಕರು. ಇವರೂ ನಗಲು ನೋಡಿದರು. ಕಾಲೇಜಿನ ಹುಡುಗಿ ನನ್ನ ಕಡೆ ತಿರುಗಿ, ಉಪಕಾರವಾಯಿತು ಎನ್ನುವಂತೆ ತಲೆಯಾಡಿಸಿದಳು. ಕುರೆಕುಪ್ಪದವಳು ಮಾತ್ರ ನಗಲಿಲ್ಲ. ಎದ್ದು ನಿಂತಳು.

"ಹಂಗಾರ ಆ ಹುಡುಗಿ ಇರಲೇ ಇಲ್ಲೇನ್ರಿ?"

ಇವರು ಬಾಯಿ ತೆರೆದರು. ಇರಲಿಲ್ಲ ಎಂಬುದೇ ಅಲ್ಲಿ ಹೇಳಬೇಕಾದ ಉತ್ತರ. ಆ ಒಂದು ಮಾತು ಹೇಳಿ ಮುಗಿಸಿದ್ದರೆ ಜನ ಎದ್ದು ತೂಬಿನ ಕಡೆ ಹೋಗುತ್ತಿದ್ದರು. ಇವರಿಗೆ ಹೇಳಲಾಗಲಿಲ್ಲ. ಅಷ್ಟು ಜನರ ತಲೆಗಳ ಮೇಲಿಂದ, ಆ ಮಂಟಪದಲ್ಲಿ ಮೊದಲ ಸಲ, ಹೊರಗೆ ನಿಂತಿದ್ದ ನನ್ನ ಕಡೆ ನೋಡಿದರು.

"ಇದ್ಲವ್ವಾ," ಎಂದೆ ನಾನು. "ಈ ಊರಾಕಿ ಅಲ್ಲ. ಕಲ್ಲು ಕಡಿಯಾವನ ಮಗಳೂ ಅಲ್ಲ. ದೋಣಿಮಲ್ಯಾಗ ಇದ್ಲು. ನಮ್ಮಾಕಿ."

ಕಾಲೇಜಿನ ಹುಡುಗಿ ಬಾಯಿಗೆ ಕೈ ಹಿಡಿದುಕೊಂಡಳು. ಹುಡುಗರನ್ನು ಎಬ್ಬಿಸಿ, ಸದ್ದಿಲ್ಲದೆ ಮುಂದೆ ಕರೆದುಕೊಂಡು ಹೋದಳು. ಇವರು ಹೋಗಲಿಲ್ಲ. ಕಾಲುವೆಯ ಕಡೆ ತಿರುಗಿ, ನಮಗೆ ಬೆನ್ನು ಕೊಟ್ಟು ನಿಂತರು.

ಮುದುಕಿ ಕೋಲೂರಿಕೊಂಡು ಮಂಟಪದ ಮೆಟ್ಟಿಲಿಳಿದು ನನ್ನ ಹತ್ತಿರ ಬಂದಳು.

"ಹೆಸರೇನವ್ವಾ ಕೂಸಿಂದು?"

ಹೇಳಿದೆ. ಆಕೆಗೆ ಕಿವಿ ಮಂದ. ಇನ್ನೊಂದು ಸಲ, ಜೋರಾಗಿ ಹೇಳಬೇಕಾಯಿತು.