ಮೇ ತಿಂಗಳಲ್ಲಿ ಕಾಣದ ಕಾಲುದಾರಿ

ನೌಕರಿಯಲ್ಲಿ ಇದ್ದಷ್ಟು ದಿನ ಸರ್ವೇಯರ್ ತಿಮ್ಮಣ್ಣನಿಗೆ ಒಂದೇ ಹೆಮ್ಮೆ: ತಾನು ಕಂಡದ್ದನ್ನು ಮಾತ್ರ ಬರೆಯುವವನು. ಯಾರ ಮನೆಯ ಚಹಾಕ್ಕೂ ಬಾಯಿ ಹಚ್ಚಲಿಲ್ಲ, ಯಾರ ಜರ್ಬಿಗೂ ಅಂಜಲಿಲ್ಲ. ಅಂಥ ಮನುಷ್ಯನನ್ನು ಊರು ಹೊಗಳುತ್ತದೆ, ಊಟಕ್ಕೆ ಮಾತ್ರ ಕರೆಯುವುದಿಲ್ಲ. ನಿವೃತ್ತನಾಗಿ ಎರಡು ವರ್ಷ ಶಹಾಪುರದ ಮನೆಯಲ್ಲಿ ಕೂತ ಮೇಲೆ ಆ ಹೆಮ್ಮೆಯೇ ಅವನನ್ನು ಚುಚ್ಚತೊಡಗಿತ್ತು.

ಮೇ ತಿಂಗಳ ಒಂದು ಭಾನುವಾರ ಮಗಳು ಪರಿಮಳಾ ಅವನನ್ನು ಬಿಸಿಲೇರುವ ಮೊದಲೇ ಶಿರವಾಳಕ್ಕೆ ಹೊರಡಿಸಿದಳು. ಅವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಅಪ್ಪನಿಗೆ ಡಾಕ್ಟರು ದಿನಾ ನಡೆಯಿರಿ ಎಂದಿದ್ದರು, ಅವಳಿಗೆ ಅಲ್ಲಿನ ಹಳೆಯ ಗುಡಿಗಳನ್ನು ನೋಡುವ ಆಸೆ. ಶಿರವಾಳ ಅವನು ಹುಟ್ಟಿದ ಊರು. ಆದರೂ ಹದಿನೇಳು ವರ್ಷದಿಂದ ಅವನು ಅತ್ತ ಕಾಲಿಟ್ಟಿರಲಿಲ್ಲ. ಗುಡಿ ನೋಡಿ ಇಬ್ಬರೂ ಹೊಲಗಳ ನಡುವಿನ ಬಂಡಿದಾರಿ ಹಿಡಿದರು.

"ಅಪ್ಪಾ, ಇಂಗ್ಲೆಂಡಿನಾಗ ಬ್ಯಾಸಗಿ ಬಂತಂದ್ರ ಮಂದಿ ಶನಿವಾರ ಐತಾರ ಹೊಲದಾಗ ಅಡ್ಡ್ಯಾಡಾಕ ಹೋಗ್ತಾರಂತ," ಎಂದಳು ಪರಿಮಳಾ, ಎಲ್ಲೋ ಓದಿದ್ದನ್ನು ನೆನೆದು. "ಹೊಲ ಯಾರದರ ಇರಲಿ, ನಡುವ ಹಳೇ ಕಾಲುದಾರಿ ಇದ್ರ ಮಾಲಕ ಬಂದ್ ಮಾಡಂಗಿಲ್ಲಂತ. ನೇಗಿಲ ಹೊಡದ್ರೂ ಮತ್ತ ದಾರಿ ಮಾಡಿ ಕೊಡಬೇಕಂತ."

ತಿಮ್ಮಣ್ಣ ನಿಂತುಬಿಟ್ಟ. "ನೇಗಿಲ ಹೊಡದ ಮ್ಯಾಲೂ ದಾರಿ ದಾರೀನ?"

"ಹೌದಪ್ಪ. ಯಾಕ?"

ಎದುರಿಗೆ ಸಂಗಣ್ಣನ ದೊಡ್ಡ ಹೊಲ, ಅಂಚಿನಿಂದ ಅಂಚಿಗೆ ಉತ್ತು ಹೆಂಟೆ ಎದ್ದಿತ್ತು. ಅದರ ಹಿಂದೆ ತಿಮ್ಮಣ್ಣನದೇ ಕೇರಿಯ ರೇಣಮ್ಮನ ಎರಡು ಎಕರೆ. ಅಲ್ಲಿಗೆ ಹೋಗಬೇಕಾದರೆ ಸಂಗಣ್ಣನ ಹೊಲದ ನಡುವಿನ ಕಾಲುದಾರಿಯೇ ಗತಿ. ಹದಿನೇಳು ವರ್ಷದ ಹಿಂದೆ ಸಂಗಣ್ಣ ಆ ದಾರಿಗೆ ಅಡ್ಡ ನಿಂತ, ರೇಣಮ್ಮ ಅರ್ಜಿ ಕೊಟ್ಟಳು, ಅಳೆಯಲು ಬಂದವನು ತಿಮ್ಮಣ್ಣ. ಆಗಲೂ ಇದೇ ಮೇ ತಿಂಗಳು.

ನಮ್ಮ ಕರಿನೆಲದ ರೀತಿಯೇ ಹಾಗೆ. ತೊಗರಿ ಕೊಯ್ದ ಮೇಲೆ ಬೇಸಗೆಯಲ್ಲಿ ಇಡೀ ಹೊಲ ಉಳುತ್ತಾರೆ, ಕಾಲುದಾರಿಯೂ ಹೆಂಟೆಯೊಳಗೆ ಮುಚ್ಚಿಹೋಗುತ್ತದೆ. ಮುಂಗಾರಿನ ಮಳೆಗೆ ಹೆಂಟೆ ಕರಗಿ ಹತ್ತು ಮಂದಿ ತುಳಿದರೆ ಅದೇ ಜಾಗದಲ್ಲಿ ಅದೇ ದಾರಿ. ಇದು ಕೇರಿಯ ಕೂಸಿಗೂ ಗೊತ್ತು. ತೊಗರಿಕಾಯಿ ತಿನ್ನುತ್ತ ಆ ದಾರಿಯಲ್ಲೇ ಓಡಾಡಿ ಬೆಳೆದ ತಿಮ್ಮಣ್ಣನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಕಾಶೆಯಲ್ಲಿ ದಾರಿ ಇರಲಿಲ್ಲ, ನೆಲದ ಮೇಲೂ ಕಾಣಲಿಲ್ಲ. ಇದೆ ಎಂದು ಬರೆದರೆ 'ತನ್ನ ಕೇರಿಯವರ ಕಡೆ ವಾಲಿದ' ಎಂದು ನಾಲ್ಕು ಜನ ಆಡಿಕೊಂಡಾರೆಂದು ಅವನಿಗೆ ದಿಗಿಲು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ ಹಿರಿಯರು. ಈ ಪುಣ್ಯಾತ್ಮ ಯಾರನ್ನೂ ಒಂದು ಮಾತು ಕೇಳದೆ 'ಸ್ಥಳದಲ್ಲಿ ದಾರಿ ಇರುವುದಿಲ್ಲ' ಎಂದು ಬರೆದು ಸಹಿ ಹಾಕಿದ. ಅರ್ಜಿ ಬಿದ್ದುಹೋಯಿತು.

ಇದನ್ನೆಲ್ಲ ಅವನು ಮಗಳಿಗೆ ಹೇಳಿದ್ದು ಅಂದೇ ಮೊದಲು. ಪರಿಮಳಾ ಸಮಾಧಾನ ಮಾಡಲು ಹೋಗಲಿಲ್ಲ.

"ಕೇರಿ ಇಲ್ಲೇ ಐತಲ್ಲಪ್ಪ. ನನಗ ಹೇಳಿದ್ದು ಆಕಿಗಿ ಹೇಳು," ಎಂದಳು.

ರೇಣಮ್ಮ ಬೇವಿನ ನೆರಳಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಎಪ್ಪತ್ತರ ಹತ್ತಿರದವಳು, ಸಣ್ಣವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ತಿಮ್ಮನೇನ? ಬಾ ತಮ್ಮಾ, ಕುಂದ್ರು."

ಅವನು ಕೂರಲಿಲ್ಲ. "ಅಕ್ಕಾ, ದಾರಿ ಇಲ್ಲಂತ ಬರದಾಂವ ನಾನು. ಇತ್ತಂತ ಗೊತ್ತಿದ್ದೂ ಹಂಗ ಬರದೆ. ತಪ್ಪಾತು."

"ನನಗ ಗೊತ್ತಿಲ್ಲೇನ?" ಮೊರ ಕೆಳಗಿಟ್ಟಳು ರೇಣಮ್ಮ. "ಅವತ್ತು ಅಲ್ಲೇ ಒಡ್ಡಿನ ಮ್ಯಾಲ ನಿಂತಿದ್ದೆ. ನೀ ಕರದು ಕೇಳ್ತಿ ಅನಕೊಂಡೆ. ನಮ್ಮ ಕೇರಿ ಹುಡುಗ ಸಾಹೇಬ ಆಗಿ ಬಂದಾನ, ನಾಕು ಮಂದ್ಯಾಗ ನಾ ಹೆಂಗ ಹೆಸರ ಹಿಡದು ಕೂಗಲಿ? ನಿನ್ನ ಮಾನ ಹೋಗ್ತದಂತ ಸುಮ್ಕ ನಿಂತೆ."

ತಿಮ್ಮಣ್ಣನಿಗೆ ತಲೆ ಎತ್ತಲಾಗಲಿಲ್ಲ. ತನ್ನ ಮಾನ ಕಾಯಲು ತಾನೊಬ್ಬನೇ ಸಾಲದೆ ಆಕೆಯೂ ಕಾದಿದ್ದಳು.

"ಈಗರ ಅರ್ಜಿ ಕೊಡಮು ಅಕ್ಕಾ. ನಾನ ಬರಕೊಡ್ತೀನಿ. ನಂದು ತಪ್ಪಾಗ್ಯಾದಂತ ತಹಶೀಲ್ದಾರರ ಮುಂದ ನಿಂತು ಹೇಳ್ತೀನಿ. ದಾರಿ ಬಿಡಸ್ತೀನಿ."

ರೇಣಮ್ಮ ಮತ್ತೆ ಮೊರ ಎತ್ತಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಯಾವ ಹೊಲಕ್ಕಪಾ? ಹಾದಿ ಇಲ್ಲದ ಹೊಲ ಮತ್ಯಾರು ತಗೋತಾರ, ಸಂಗಣ್ಣಗ ಮಾರಿ ಹತ್ತು ವರ್ಷಾತು. ಮಳಿ ಬಿದ್ದ ಮ್ಯಾಲ ಅದ ಹೊಲಕ್ಕ ಕಸ ತಗಿಯಾಕ ಕೂಲಿ ಹೋಗ್ತೀನಿ. ಅದ ಹಾದಿ ಹಿಡದ ಹೋಗ್ತೀನಿ ತಮ್ಮಾ. ಈಗ ಯಾರೂ ಬ್ಯಾಡ ಅನ್ನಂಗಿಲ್ಲ."